ಏಲಿಯನ್ ಸಿಕ್ಕರೆ ಮಾತಾಡಿಸೋದಾ, ಅಡಗಿ ಕೂರೋದಾ?

ಕಳೆದ ಸಲ ಈ ಅಂಕಣದಲ್ಲಿ ಡ್ರ್ಯಾಗನ್ನು, ಮಂತ್ರದ ಕತ್ತಿ ಅಂತೆಲ್ಲ ಬರೆದಿದ್ದಕ್ಕೆ ನಮ್ಮಕ್ಕ ಫೋನ್ ಮಾಡಿ, "ಮೂವತ್ತಾಯ್ತಲ್ಲೋ ನಿಂಗೆ, ಇನ್ನೂ ಚಂದಮಾಮ ಬಿಟ್ಟಿಲ್ವಾ?" ಅಂದಳು. ಅವಳ ಮಾತಿಗೆ ಮರ್ಯಾದೆ ಕೊಟ್ಟು ಈ ಸಲ ಡ್ರ್ಯಾಗನ್ ಬಿಟ್ಟಿದ್ದೇನೆ. ಬರೀ ಏಲಿಯನ್ನು.

ಎರಡು ತಿಂಗಳಲ್ಲಿ ಓದಿದ್ದು ಮೂರು ಕಾದಂಬರಿ. ಚೀನಾದ ಲಿಯೂ ತ್ಸಿಶಿನ್ ಬರೆದ 'ದಿ ಡಾರ್ಕ್ ಫಾರೆಸ್ಟ್', ಆಂಡಿ ವಿಯರ್ ಬರೆದ 'ಪ್ರಾಜೆಕ್ಟ್ ಹೇಲ್ ಮೇರಿ', ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'. ಲೆಕ್ಕ ಹಾಕಿ ಆರಿಸಿದ್ದಲ್ಲ. ಒಂದನ್ನು ಮೆಟ್ರೋದಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದಿದೆ, ಒಂದನ್ನು ಪಾತ್ರೆ ತೊಳೀತಾ ಆಡಿಯೋದಲ್ಲಿ ಕೇಳಿದೆ, ಇನ್ನೊಂದು ಚರ್ಚ್ ಸ್ಟ್ರೀಟಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ತು. ಆದರೆ ಮೂರೂ ಮುಗಿದ ಮೇಲೆ ನೋಡಿದರೆ ಮೂರೂ ಒಂದೇ ಪ್ರಶ್ನೆ ಕೇಳ್ತಾ ಇದ್ದವು. ನಿಮ್ಮ ಥರ ಇಲ್ಲದ ಯಾರೋ ಕತ್ತಲಲ್ಲಿ ಎದುರಾದರೆ ಏನು ಮಾಡ್ತೀರಿ? ಮಾತಾಡಿಸ್ತೀರಾ, ಉಸಿರು ಬಿಗಿಹಿಡಿದು ಅಡಗಿಕೊಳ್ತೀರಾ?

ಆ ಎರಡು ತಿಂಗಳು ನಾನು ಆಫೀಸಿನಲ್ಲಿ ಅಡಗಿಕೊಂಡಿದ್ದೆ. ಅದನ್ನು ಆಮೇಲೆ ಹೇಳ್ತೀನಿ.

(ಸ್ಪಾಯ್ಲರ್ ಭಯ ಇರುವವರಿಗೆ: ಡಾರ್ಕ್ ಫಾರೆಸ್ಟ್‌ನ ಮುಖ್ಯ ಐಡಿಯಾ ಹೇಳದೆ ಅದರ ಬಗ್ಗೆ ಬರೆಯೋಕೆ ಆಗಲ್ಲ. ಉಳಿದೆರಡರ ಕೊನೆ ಹೇಳಲ್ಲ, ಪ್ರಾಮಿಸ್.)

ಡಾರ್ಕ್ ಫಾರೆಸ್ಟ್ ಮೂರು ಪುಸ್ತಕಗಳ ಸರಣಿಯಲ್ಲಿ ಎರಡನೆಯದು. ಮೊದಲನೆಯದು 'ದಿ ತ್ರೀ ಬಾಡಿ ಪ್ರಾಬ್ಲಮ್'. ಕೆನ್ ಲಿಯೂ ಮಾಡಿದ ಅದರ ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸೀರೀಸ್ ನೋಡಿದವರಿಗೆ ಕಥೆಯ ಎಳೆ ಗೊತ್ತಿರುತ್ತೆ. ಲೇಖಕರು ಶಾನ್‌ಶಿ ಪ್ರಾಂತದ ಒಂದು ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದವರು. ಕೆಲಸ ಮಾಡ್ತಾ ಮಾಡ್ತಾನೇ ಬರೆದವರು. ಇದನ್ನು ತಿಳಿದ ದಿನ ನನ್ನ ವೀಕೆಂಡ್‌ಗಳು ಎಲ್ಲಿ ಹೋಗ್ತಾವೆ ಅಂತ ನಾನೇ ಯೋಚಿಸಿದೆ. ಇರಲಿ.

ಕಥೆ ಹೀಗೆ. ಬೇರೊಂದು ಲೋಕದವರು ಭೂಮಿಯನ್ನು ಹಿಡಿಯೋಕೆ ಹೊರಟಿದ್ದಾರೆ. ಅವರ ಹಡಗುಗಳು ಬಂದು ಸೇರೋಕೆ ಸುಮಾರು 400 ವರ್ಷ ಬೇಕು. ಅಷ್ಟರೊಳಗೆ ನಾವು ತಯಾರಾಗಬಹುದಲ್ಲ ಅಂದರೆ, ಆಗಲ್ಲ. ಅವರು ಮೊದಲೇ ಕಳಿಸಿರುವ ಪ್ರೋಟಾನ್ ಗಾತ್ರದ ಗೂಢಚಾರ ಕಂಪ್ಯೂಟರ್‌ಗಳು ನಾವು ಆಡುವ ಪ್ರತಿ ಮಾತು, ಬರೆಯುವ ಪ್ರತಿ ಅಕ್ಷರ ಕದ್ದು ನೋಡ್ತಾ ಇವೆ. ತಲೆಯೊಳಗಿನ ಯೋಚನೆ ಒಂದು ಮಾತ್ರ ಅವಕ್ಕೆ ಕಾಣಲ್ಲ. ಆ ಲೋಕದವರಲ್ಲಿ ಯೋಚಿಸೋದು, ಹೇಳೋದು ಎರಡೂ ಒಂದೇ ಆದ್ದರಿಂದ ಸುಳ್ಳು, ಕಪಟ ಅಂದರೇನು ಅಂತಲೇ ಅವರಿಗೆ ಸರಿಯಾಗಿ ಅರ್ಥ ಆಗಲ್ಲ. ಹಾಗಾಗಿ ಭೂಮಿಯವರು ನಾಲ್ಕು ಜನರನ್ನು ಆರಿಸಿ, "ನೀವು ಏನು ಪ್ಲಾನ್ ಮಾಡ್ತೀರೋ ತಲೆಯಲ್ಲೇ ಮಾಡಿ, ಯಾರಿಗೂ ಹೇಳ್ಬೇಡಿ, ಎಷ್ಟು ದುಡ್ಡು ಬೇಕೋ ತಗೊಳ್ಳಿ" ಅಂತ ಬಿಡ್ತಾರೆ. ಎಂಥಾ ಐಡಿಯಾ ನೋಡಿ! ಮನುಷ್ಯಕುಲ ಉಳಿಯೋಕೆ ಇರುವ ಒಂದೇ ದಾರಿ, ಬಾಯಿ ಮುಚ್ಕೊಂಡು ಇರೋದು.

ಆದರೆ ಪುಸ್ತಕದ ನಡುವಿನ ಒಂದು ಭಾಗ ನನ್ನ ತಾಳ್ಮೆ ತಿಂದು ಹಾಕಿತು. ನಾಯಕ ಲ್ವೋ ಜಿ ತನ್ನ ಕಲ್ಪನೆಯ ಹುಡುಗಿಯನ್ನು ವರ್ಣಿಸಿ, ಅಂಥವಳನ್ನೇ ಹುಡುಕಿ ತನ್ನಿ ಅಂತ ಆರ್ಡರ್ ಮಾಡ್ತಾನೆ, ಸರ್ಕಾರದವರು ಹುಡುಕಿ ತರ್ತಾರೆ. ಲಿಯೂ ತ್ಸಿಶಿನ್‌ಗೆ ನಕ್ಷತ್ರಗಳನ್ನು ಸೃಷ್ಟಿ ಮಾಡೋಕೆ ಬರುತ್ತೆ, ಹೆಣ್ಣುಮಕ್ಕಳನ್ನು ಸೃಷ್ಟಿ ಮಾಡೋಕೆ ಈ ಪುಸ್ತಕದಲ್ಲಿ ಬಂದಿಲ್ಲ. ಮೊದಲ ಪುಸ್ತಕದ ಯೆ ವೆನ್‌ಜ್ಯೆ ಎಂಥಾ ಪಾತ್ರ! ಅವಳನ್ನು ಬರೆದ ಕೈಯೇ ಇದು ಅಂದರೆ ನಂಬೋಕೆ ಕಷ್ಟ. ಆ ಪುಟಗಳನ್ನು ಹಾರಿಸಿ ಓದಿ, ಪಾಪ ಬರಲ್ಲ.

ಆಮೇಲೆ ಬರುತ್ತೆ ಹೆಸರಿನ ಐಡಿಯಾ. ಬ್ರಹ್ಮಾಂಡ ಅಂದರೆ ಕತ್ತಲ ಕಾಡು. ಪ್ರತಿಯೊಂದು ನಾಗರಿಕತೆಯೂ ಕೋವಿ ಹಿಡಿದು, ಹೆಜ್ಜೆ ಸಪ್ಪಳ ಆಗದ ಹಾಗೆ ಓಡಾಡುವ ಬೇಟೆಗಾರ. ಇನ್ನೊಬ್ಬ ಕಂಡರೆ ಅವನು ಒಳ್ಳೆಯವನೋ ಕೆಟ್ಟವನೋ ತಿಳಿಯೋಕೆ ದಾರಿ ಇಲ್ಲ. ನಾನು ಒಳ್ಳೆಯವನು ಅಂತ ನಿನಗೆ ಗೊತ್ತಿಲ್ಲ. ಗೊತ್ತಾದರೂ, ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತಿಲ್ಲ. ಈ ಸಂಶಯದ ಸರಪಳಿಗೆ ಕೊನೆಯೇ ಇಲ್ಲ. ಜೊತೆಗೆ ಇವತ್ತು ಬಿಲ್ಲು ಬಾಣ ಹಿಡಿದವನು ನಾಳೆ ನಮಗಿಂತ ಮುಂದೆ ಹೋಗಿಬಿಡಬಹುದು. ಹಾಗಾಗಿ ಕಂಡ ತಕ್ಷಣ ಹೊಡೆದುಬಿಡು, ಇಲ್ಲಾ ಕಾಣಿಸಿಕೊಳ್ಳಲೇಬೇಡ. ಆಕಾಶ ಯಾಕೆ ಇಷ್ಟು ನಿಶ್ಶಬ್ದ ಅನ್ನೋದಕ್ಕೆ ಲಿಯೂ ಕೊಡುವ ಉತ್ತರ ಇದು.

ಓದಿದ ರಾತ್ರಿ ಟೆರೇಸ್‌ಗೆ ಹೋಗಿ ಸುಮ್ಮನೆ ನಿಂತಿದ್ದೆ. ಬೆಂಗಳೂರಲ್ಲಿ ನಕ್ಷತ್ರ ಕಾಣೋದು ಅಷ್ಟಕ್ಕಷ್ಟೇ, ಆದರೂ ಹೆದರಿಕೆ ಆಯ್ತು. ಲಾಜಿಕ್ ಅಷ್ಟು ಬಿಗಿಯಾಗಿದೆ.

ಎಂಜಿನಿಯರಿಂಗ್ ಓದಿದವರಿಗೆ ಈ ಸರಪಳಿಯನ್ನು ಎಲ್ಲೋ ನೋಡಿದ ನೆನಪು ಬರಬೇಕು. ಕಂಪ್ಯೂಟರ್ ನೆಟ್‌ವರ್ಕ್ಸ್ ಪಾಠದಲ್ಲಿ ಬರುವ ಇಬ್ಬರು ಸೇನಾಪತಿಗಳ ಸಮಸ್ಯೆ. ಕಣಿವೆಯ ಆಚೆ ಒಬ್ಬ, ಈಚೆ ಒಬ್ಬ. ನಾಳೆ ಬೆಳಿಗ್ಗೆ ಒಟ್ಟಿಗೆ ದಾಳಿ ಮಾಡೋಣ ಅಂತ ಆಳನ್ನು ಕಳಿಸಬೇಕು, ಆದರೆ ದಾರಿಯಲ್ಲಿ ಆಳು ಸಿಕ್ಕಿಬೀಳಬಹುದು. ಸುದ್ದಿ ತಲುಪಿತು ಅಂತ ಉತ್ತರ ಬರಬೇಕು, ಆ ಉತ್ತರ ತಲುಪಿತು ಅಂತ ಇನ್ನೊಂದು ಉತ್ತರ ಹೋಗಬೇಕು. ಎಷ್ಟು ಆಳುಗಳನ್ನು ಓಡಾಡಿಸಿದರೂ ಇಬ್ಬರಿಗೂ ನೂರಕ್ಕೆ ನೂರು ಖಾತ್ರಿ ಆಗಲ್ಲ. ಗಣಿತದಲ್ಲಿ ಇದಕ್ಕೆ ಪರಿಹಾರ ಇಲ್ಲ ಅಂತ ಸಾಬೀತಾಗಿದೆ.

ಹಾಗಿದ್ದೂ ನೀವು ಈಗ ಈ ಅಂಕಣವನ್ನು ಫೋನಿನಲ್ಲಿ ಓದ್ತಾ ಇದೀರಿ. ಇಂಟರ್ನೆಟ್‌ನ ಬಹುಪಾಲನ್ನು ಹೊತ್ತಿರುವ ಟಿಸಿಪಿ ಏನು ಮಾಡುತ್ತೆ? "ಇದೀಯಾ?" "ಇದೀನಿ, ನೀನಿದೀಯಾ?" "ಇದೀನಿ." ಮೂರು ಮಾತು, ಅಷ್ಟೇ. ಪೂರ್ತಿ ಖಾತ್ರಿ ಸಿಗಲ್ಲ ಅಂತ ಗೊತ್ತಿದ್ದೂ ಕೆಲಸ ಶುರು ಮಾಡುತ್ತೆ. ಎಲ್ಲೋ ತಪ್ಪಿದರೆ ಮತ್ತೆ ಕಳಿಸುತ್ತೆ. ಡಾರ್ಕ್ ಫಾರೆಸ್ಟ್ ಜೊತೆ ನನ್ನ ಜಗಳ ಇಲ್ಲೇ ಇರೋದು. ಲಿಯೂ ಪರವಾಗಿ ಒಂದು ಮಾತು ಹೇಳಲೇಬೇಕು: ನಕ್ಷತ್ರಗಳ ನಡುವೆ "ಇದೀಯಾ" ಅಂತ ಕೇಳಿ ಉತ್ತರ ಬರೋಕೇ ಎಷ್ಟೋ ವರ್ಷ ಬೇಕು, ಅಷ್ಟರಲ್ಲಿ ಏನು ಬೇಕಾದರೂ ಆಗಬಹುದು. ದೂರ ಇದ್ದಷ್ಟೂ ಸಂಶಯಕ್ಕೆ ಬೆಲೆ.

ನನ್ನ ವಿಷಯದಲ್ಲಿ ಆ ದೂರ ಮೂರು ಕುರ್ಚಿ ಇತ್ತು.

ನಮ್ಮ ಕಂಪನಿಯಲ್ಲಿ ಹಿಂದಿನ ವರ್ಷ ಒಂದು ಬೆಳಿಗ್ಗೆ ಕೆಲವರ ಲ್ಯಾಪ್‌ಟಾಪ್‌ಗಳು ಲಾಗಿನ್ ಆಗಲಿಲ್ಲ. ಮಧ್ಯಾಹ್ನದ ಊಟಕ್ಕೆ ನಮ್ಮ ಟೇಬಲ್ಲಿನಲ್ಲಿ ಇಬ್ಬರು ಕಮ್ಮಿ. ಅವತ್ತಿಂದ ಎಲ್ಲರೂ ಮೆತ್ತಗೆ ಹೆಜ್ಜೆ ಇಡೋದು ಕಲಿತರು. ಮೀಟಿಂಗಿನಲ್ಲಿ ಯಾರೂ "ನಂಗೆ ಗೊತ್ತಿಲ್ಲ" ಅನ್ನಲ್ಲ. ಯಾರಿಗೆ ಏನು ಗೊತ್ತೋ ಅದನ್ನು ಹೊಟ್ಟೆಯೊಳಗೆ ಇಟ್ಕೋತಾರೆ, ಯಾಕಂದ್ರೆ ಗೊತ್ತಿರೋನನ್ನು ತೆಗೆಯೋದು ಕಷ್ಟ.

ನನ್ನ ಹೊಟ್ಟೆಯಲ್ಲಿ ಇದ್ದದ್ದು ಒಂದು ಲಾಕ್ ಫೈಲು. ರಾತ್ರಿ ಎರಡು ಗಂಟೆಗೆ ಓಡುವ ಒಂದು ಹಳೇ ಪ್ರೋಗ್ರಾಂ ಇದೆ, ದಿನದ ವ್ಯವಹಾರದ ಲೆಕ್ಕ ತಾಳೆ ಹಾಕುತ್ತೆ. ತಿಂಗಳ ಕೊನೆಯ ದಿನ ಮಾತ್ರ ಒಂದು ಫೈಲನ್ನು ಕೈಯಾರೆ ಅಳಿಸದಿದ್ದರೆ ಅರ್ಧಕ್ಕೆ ನಿಂತುಬಿಡುತ್ತೆ. ಯಾಕೆ ನಿಂತಿತು ಅಂತ ಲಾಗಿನಲ್ಲಿ ಒಂದು ಸಾಲೂ ಬರಲ್ಲ. ನಾಲ್ಕು ವರ್ಷದಿಂದ ನಾನೇ ಅಳಿಸ್ತಾ ಬಂದಿದ್ದೆ. ಒಡಿಶಾದ ಒಬ್ಬ ಹೊಸ ಹುಡುಗ ಟೀಮಿಗೆ ಬಂದ, ಅವನಿಗೆ ಕೆಟಿ ಕೊಡು ಅಂದರು. ಎರಡು ಗಂಟೆ ಕೂತು ಎಲ್ಲ ಹೇಳಿಕೊಟ್ಟೆ. ಅದೊಂದು ಬಿಟ್ಟು.

ಮರೆತೆ ಅಂತ ಹೇಳಿಕೊಳ್ಳಬಹುದಿತ್ತು. ಮರೆತಿರಲಿಲ್ಲ.

ಆ ತಿಂಗಳ ಕೊನೆಗೆ ಆನ್‌ಕಾಲ್ ಅವನದು. ಬೆಳಿಗ್ಗೆ ಐದೂ ಮುಕ್ಕಾಲಿಗೆ ನನ್ನ ಫೋನ್ ಬಂತು. ಎರಡು ಗಂಟೆಯಿಂದ ಒಬ್ಬನೇ ಒದ್ದಾಡಿದ್ದ, ಧ್ವನಿ ಒಣಗಿ ಹೋಗಿತ್ತು. ಐದು ನಿಮಿಷದಲ್ಲಿ ಸರಿ ಮಾಡಿದೆ. ಸ್ಟ್ಯಾಂಡಪ್‌ನಲ್ಲಿ ಮ್ಯಾನೇಜರ್ ಎಲ್ಲರ ಎದುರು ನನ್ನನ್ನು ಹೊಗಳಿದರು. ಆ ಹುಡುಗನೂ "ಥ್ಯಾಂಕ್ಯೂ ಭಯ್ಯಾ" ಅಂದ. ಡಾರ್ಕ್ ಫಾರೆಸ್ಟ್‌ನ ಬೇಟೆಗಾರನ ಪುಟಗಳನ್ನು ಓದಿದ್ದು ಅದೇ ವಾರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಾಯ್ತು ನನ್ನ ಪಾಡು.

ಪ್ರಾಜೆಕ್ಟ್ ಹೇಲ್ ಮೇರಿ ಶುರು ಮಾಡಿದ್ದು ಇದನ್ನೆಲ್ಲ ಮರೆಯೋಣ ಅಂತ. ಆಂಡಿ ವಿಯರ್ ಕೂಡ ಮೊದಲು ಪ್ರೋಗ್ರಾಮರ್, ಅವರ 'ದಿ ಮಾರ್ಷನ್' ಮೊದಲು ಅವರದೇ ವೆಬ್‌ಸೈಟಿನಲ್ಲಿ ಕಂತು ಕಂತಾಗಿ ಬಂದದ್ದು. ಇದು 2021ರ ಪುಸ್ತಕ. ರೈಲ್ಯಾಂಡ್ ಗ್ರೇಸ್ ಅನ್ನೋ ಸ್ಕೂಲ್ ಮೇಷ್ಟ್ರು ಒಂದು ಬಾಹ್ಯಾಕಾಶ ನೌಕೆಯಲ್ಲಿ ಕಣ್ಣು ಬಿಡ್ತಾನೆ. ಹೆಸರೂ ನೆನಪಿಲ್ಲ. ಜೊತೆಗಿದ್ದ ಇಬ್ಬರು ಸತ್ತಿದ್ದಾರೆ. ಸೂರ್ಯನ ಬೆಳಕನ್ನು ತಿನ್ನುವ ಒಂದು ಸೂಕ್ಷ್ಮಜೀವಿಯಿಂದ ಭೂಮಿ ತಣ್ಣಗಾಗ್ತಾ ಇದೆ, ಅದಕ್ಕೆ ಪರಿಹಾರ ಹುಡುಕೋಕೆ ಸುಮಾರು 12 ಜ್ಯೋತಿರ್ವರ್ಷ ದೂರದ ಟಾವ್ ಸೆಟಿ ಅನ್ನೋ ನಕ್ಷತ್ರಕ್ಕೆ ಬಂದಿದ್ದಾನೆ ಅನ್ನೋದು ನಿಧಾನಕ್ಕೆ ನೆನಪಾಗುತ್ತೆ. ಅಲ್ಲಿ ಇನ್ನೊಂದು ನೌಕೆ. ಅದರಲ್ಲಿ ರಾಕಿ.

ರಾಕಿ ಅಂದರೆ ಕಲ್ಲಿನ ಚಿಪ್ಪಿನ, ಐದು ಕಾಲಿನ, ಜೇಡದಂಥ ಜೀವಿ. ಕಣ್ಣಿಲ್ಲ, ಶಬ್ದದಿಂದಲೇ ಎಲ್ಲ ತಿಳಿಯೋದು. ಅವನ ಗಾಳಿ ಅಮೋನಿಯಾ, ಒತ್ತಡ ನಮ್ಮದಕ್ಕಿಂತ 29 ಪಟ್ಟು. ಇವನ ಕೋಣೆಗೆ ಅವನು ಬಂದರೆ ಅವನು ಸಾಯ್ತಾನೆ, ಅವನ ಕೋಣೆಗೆ ಇವನು ಹೋದರೆ ಇವನು ಬೆಂದು ಹೋಗ್ತಾನೆ. ಹಾಗಾಗಿ ನಡುವೆ ಒಂದು ಪಾರದರ್ಶಕ ಗೋಡೆ. ಗೋಡೆಯ ಆಚೆ ಈಚೆ ಕೂತು ಮೊದಲು ಗಡಿಯಾರ ತೋರಿಸ್ತಾರೆ, ಆಮೇಲೆ ಅಂಕಿ, ಆಮೇಲೆ ಒಂದೊಂದೇ ಪದ. ರಾಕಿಯ ಭಾಷೆ ಸ್ವರಗಳ ಗೊಂಚಲು, ಸಂಗೀತದ ಥರ. ಗ್ರೇಸ್ ಅದನ್ನೆಲ್ಲ ಎಕ್ಸೆಲ್ ಶೀಟಿನಲ್ಲಿ ಬರ್ಕೊಂಡು ನಿಘಂಟು ಮಾಡ್ತಾನೆ. ಎಕ್ಸೆಲ್! ಬ್ರಹ್ಮಾಂಡದ ಎರಡು ಬುದ್ಧಿವಂತ ಕುಲಗಳ ಮೊದಲ ಭೇಟಿ ನಡೆಯೋದು ನಾವು ಬೈಕೊಂಡು ತೆರೆಯುವ ಎಕ್ಸೆಲ್‌ನಲ್ಲಿ. ಆ ಭಾಗ ಕೇಳ್ತಾ ಒಂದೇ ಕುಕ್ಕರನ್ನು ಎರಡು ಸಲ ತೊಳೆದಿದ್ದೇನೆ.

ಇಲ್ಲಿ ಯಾರೂ ಸಂಶಯದ ಸರಪಳಿಯನ್ನು ಬಿಡಿಸಲ್ಲ, ಗಮನಿಸಿ. "ಇದೀಯಾ? ಇದೀನಿ" ಅಂದು ಕೆಲಸಕ್ಕೆ ಕೂರ್ತಾರೆ. ರಾಕಿಯ ಜನಕ್ಕೆ ಲೋಹ, ಎಂಜಿನಿಯರಿಂಗ್ ಗೊತ್ತು, ವಿಕಿರಣ ಅಂದರೇನು ಗೊತ್ತಿಲ್ಲ. ಅವನ ಜೊತೆಗಾರರೆಲ್ಲ ಅದರಿಂದಲೇ ಸತ್ತದ್ದು ಅಂತ ಗ್ರೇಸ್‌ನಿಂದ ತಿಳಿಯುತ್ತೆ. 46 ವರ್ಷ ಅವನು ಒಬ್ಬನೇ ಇದ್ದ. ಒಬ್ಬನಿಗೆ ಗೊತ್ತಿರೋದು ಇನ್ನೊಬ್ಬನಿಗೆ ಗೊತ್ತಿಲ್ಲ, ಅದನ್ನು ಹೇಳದೆ ಇಟ್ಕೊಂಡರೆ ಇಬ್ಬರ ಲೋಕವೂ ಹೋಗುತ್ತೆ. ನನಗೆ ಲಾಕ್ ಫೈಲು ನೆನಪಾಗಿ ಮೈ ಬಿಸಿ ಆಯ್ತು.

ಪುಸ್ತಕದಲ್ಲಿ ಕೊರತೆ ಇಲ್ವಾ? ಇದೆ. ಮನುಷ್ಯ ಪಾತ್ರಗಳು ತೆಳು. ಗ್ರೇಸ್‌ನ ಜೋಕುಗಳು ಕಾಲೇಜ್ ಹಾಸ್ಟೆಲ್ಲಿನವು. ಪ್ರತಿ ಸಮಸ್ಯೆಗೂ ಹತ್ತು ಪುಟದೊಳಗೆ ಒಂದು ಉತ್ತರ ಸಿಕ್ಕೇ ಸಿಗುತ್ತೆ. ಆದರೆ ಗ್ರೇಸ್ ತಾನು ಅಂದುಕೊಂಡಷ್ಟು ಧೀರ ಅಲ್ಲ ಅನ್ನೋದು ಅವನಿಗೆ ನೆನಪಾಗುವ ಒಂದು ಜಾಗ ಇದೆ, ಅದು ಜೋಕಲ್ಲ. ಇನ್ನು ಹೇಳಿದರೆ ಪ್ರಾಮಿಸ್ ಮುರಿದ ಹಾಗಾಗುತ್ತೆ.

ಎಲ್ಲಕ್ಕಿಂತ ಇಷ್ಟ ಆಗಿದ್ದು ಒಂದು ಸಣ್ಣ ಪದ್ಧತಿ. ರಾಕಿಯ ಜನ ನಿದ್ದೆಗೆ ಜಾರಿದರೆ ಎಚ್ಚರ ಇರೋದೇ ಇಲ್ಲ, ಹಾಗಾಗಿ ಮಲಗಿದವರನ್ನು ಇನ್ನೊಬ್ಬರು ಕೂತು ಕಾಯಬೇಕು. ಗ್ರೇಸ್ ಬೇಡ ಬೇಡ ಅಂದರೂ ರಾಕಿ ಗೋಡೆಯ ಆಚೆ ಬಂದು ಕೂತು ಅವನ ನಿದ್ದೆ ಕಾಯ್ತಾನೆ.

ಲೆ ಗ್ವಿನ್ ಅವರ ಪುಸ್ತಕ 1969ರದ್ದು. ಹ್ಯೂಗೋ, ನೆಬ್ಯುಲಾ ಎರಡೂ ಬಂದಿದೆ. ಮೊದಲ ನೂರು ಪುಟ ಕಷ್ಟ: ಬಾಯಿಗೆ ಸಿಗದ ಹೆಸರುಗಳು, ಅರಮನೆ ರಾಜಕಾರಣ, ಮುಗಿಯದ ಚಳಿ. ತಳ್ಳಿಕೊಂಡು ಹೋಗಿ. ಹಿಮಯುಗದಲ್ಲಿರುವ ಗೆಥೆನ್ ಅನ್ನೋ ಗ್ರಹಕ್ಕೆ ನಕ್ಷತ್ರಲೋಕಗಳ ಒಕ್ಕೂಟದ ದೂತನಾಗಿ ಜೆನ್ಲಿ ಐ ಒಬ್ಬನೇ ಬಂದಿದ್ದಾನೆ. ಒಕ್ಕೂಟದವರು ಬೇಕಂತಲೇ ಮೊದಲು ಒಬ್ಬರನ್ನೇ ಕಳಿಸ್ತಾರೆ. ಒಬ್ಬ ಬಂದರೆ ಜನ ಕುತೂಹಲದಿಂದ ನೋಡ್ತಾರೆ, ಗುಂಪು ಬಂದರೆ ಹೆದರ್ತಾರೆ. ಡಾರ್ಕ್ ಫಾರೆಸ್ಟ್‌ನ ಬೇಟೆಗಾರನಿಗೆ ಈ ಮಾತು ಹೇಳಿದರೆ ನಗ್ತಾನೆ.

ಆ ಗ್ರಹದ ಜನ ಗಂಡೂ ಅಲ್ಲ, ಹೆಣ್ಣೂ ಅಲ್ಲ, ತಿಂಗಳಿಗೊಮ್ಮೆ ಕೆಲವು ದಿನ ಮಾತ್ರ ಎರಡರಲ್ಲಿ ಒಂದಾಗ್ತಾರೆ. ಎಲ್ಲರೂ ಮಾತಾಡೋದು ಇದರ ಬಗ್ಗೆಯೇ. ಇಂಗ್ಲಿಷಿನಲ್ಲಿ ಲೆ ಗ್ವಿನ್ ಎಲ್ಲರಿಗೂ 'ಹಿ' ಅಂತಲೇ ಬರೆದರು, ಟೀಕೆ ಬಂತು, ಮುಂದೆ ಅವರೇ ಮನಸ್ಸು ಬದಲಾಯಿಸಿದರು. ಕನ್ನಡಕ್ಕೆ ತಂದರೆ ಈ ತಾಪತ್ರಯವೇ ಇಲ್ಲ, 'ಅವರು' ಅಂದರೆ ಮುಗೀತು ಅಂದುಕೊಂಡೆ. ಆದರೆ ಹಿಮದ ಮೇಲೆ ಒಂದೇ ಟೆಂಟಿನಲ್ಲಿ ಇಬ್ಬರೇ ವಾರಗಟ್ಟಲೆ ಇರುವಾಗ 'ಅವರು' ಅಂದರೆ ಸಲಿಗೆ ಎಲ್ಲಿಂದ ಬರಬೇಕು? ಹೇಲ್ ಮೇರಿಯಲ್ಲೂ ಗ್ರೇಸ್ ಒಂದು ಹಂತದಲ್ಲಿ ರಾಕಿಯನ್ನು 'ಅದು' ಅನ್ನೋದು ಸರಿಯಲ್ಲ ಅಂತ 'ಅವನು' ಅನ್ನೋಕೆ ಶುರು ಮಾಡ್ತಾನೆ. ಯಾರಾದರೂ ಈ ಎರಡನ್ನೂ ಕನ್ನಡಕ್ಕೆ ತರುವುದಾದರೆ ನಾನು ಮೊದಲ ಗಿರಾಕಿ.

ನನಗೆ ತಟ್ಟಿದ್ದು ಮಾತ್ರ ಬೇರೆ. ಆ ಊರಲ್ಲಿ ಯಾರೂ ಯಾರಿಗೂ ನೇರವಾಗಿ ಬುದ್ಧಿ ಹೇಳಲ್ಲ, ಹೇಳಿದರೆ ಎದುರಿನವರ ಮಾನ ಹೋಗುತ್ತೆ. ಆ ಮಾನಕ್ಕೆ ಅವರ ಭಾಷೆಯಲ್ಲಿರುವ ಪದ ನೆರಳು ಅನ್ನೋ ಹಳೇ ಪದದಿಂದ ಬಂದದ್ದಂತೆ. ನಮ್ಮ ನೆಂಟರ ಮನೆಗಳನ್ನು ನೋಡಿ ಬೆಳೆದವರಿಗೆ ಇದು ಹೊಸದಲ್ಲ. ಪ್ರಧಾನಿ ಎಸ್ಟ್ರಾವೆನ್ ಒಬ್ಬರೇ ಜೆನ್ಲಿಯನ್ನು ನಂಬಿದವರು. ಒಂದು ರಾತ್ರಿ ಊಟಕ್ಕೆ ಕರೆದು, ಅಪಾಯ ಇದೆ ಅಂತ ಸುತ್ತಿ ಬಳಸಿ ಹೇಳ್ತಾರೆ. ಜೆನ್ಲಿಗೆ ಅದು ಎಚ್ಚರಿಕೆಯಾಗಿ ಕೇಳಿಸಲ್ಲ, ಮೋಸದ ಹಾಗೆ ಕೇಳಿಸುತ್ತೆ. ಮಾರನೇ ದಿನ ಎಸ್ಟ್ರಾವೆನ್‌ಗೆ ಗಡೀಪಾರು. ಆ ಒಂದು ಊಟದ ತಪ್ಪು ತಿಳಿವಳಿಕೆಗೆ ಇಬ್ಬರೂ ಎಷ್ಟು ತೆರಬೇಕಾಗುತ್ತೆ ಅನ್ನೋದೇ ಉಳಿದ ಪುಸ್ತಕ. ಮೂರರಲ್ಲಿ ಅತಿ ನಿಜವಾದದ್ದು ಇದೇ. ಇಲ್ಲಿ ಕತ್ತಲ ಕಾಡಿನ ಬೇಟೆಗಾರನೂ ಇಲ್ಲ, ಎಕ್ಸೆಲ್ಲೂ ಇಲ್ಲ. ಎದುರಿಗೆ ಒಳ್ಳೆಯವರೇ ಕೂತಿದ್ದರೂ ನಮಗೆ ಕಾಣದೆ ಹೋಗೋದು ಇದೆ.

ಕನ್ನಡದಲ್ಲಿ ಇಂಥದ್ದು ಇಲ್ವಾ ಅಂತ ಕೇಳುವವರಿಗೆ: ತೇಜಸ್ವಿಯವರ 'ಕರ್ವಾಲೊ' ಮತ್ತೆ ತೆಗೆಯಿರಿ. ಏಲಿಯನ್ ಇಲ್ಲ, ಹಾರುವ ಓತಿ ಇದೆ. ಊರವರಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನನ್ನು ಅಷ್ಟು ದೊಡ್ಡ ವಿಜ್ಞಾನಿ ತನ್ನ ಸರಿಸಮಾನ ಮಾಡಿಕೊಂಡು ಕಾಡಿಗೆ ಹೊರಡ್ತಾನಲ್ಲ, ಮೊದಲ ಭೇಟಿ ಅಂದರೆ ಅದೂ ಹೌದು.

ಲೆ ಗ್ವಿನ್ ಮುಗಿಸಿದ ಸೋಮವಾರ ಮೂರು ಪುಟದ ಡಾಕ್ಯುಮೆಂಟ್ ಬರೆದೆ. ಲಾಕ್ ಫೈಲು, ಅದರ ಪಾತ್, ಯಾವ ದಿನ, ಯಾವ ಕಮಾಂಡ್, ಜೊತೆಗೆ ನನ್ನ ತಲೆಯಲ್ಲಿ ಮಾತ್ರ ಇದ್ದ ಇನ್ನೂ ನಾಲ್ಕೈದು ವಿಷಯ. ಲಿಂಕ್ ಕಳಿಸಿ ಸುಮ್ಮನಿರಬಹುದಿತ್ತು. ಸುತ್ತಿ ಬಳಸಿ ಹೇಳುವ ಜನ ಸಾಕು ಅನ್ನಿಸಿ, ಹುಡುಗನನ್ನು ಟೀ ಅಂಗಡಿಗೆ ಕರ್ಕೊಂಡು ಹೋಗಿ, "ಅವತ್ತು ಕೆಟಿಯಲ್ಲಿ ಇದನ್ನು ಗೊತ್ತಿದ್ದೇ ಹೇಳಲಿಲ್ಲ" ಅಂದೆ. ಅವನು ಗ್ಲಾಸು ನೋಡ್ತಾ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ, "ಗೊತ್ತಿತ್ತು ಭಯ್ಯಾ" ಅಂದ. ಐದು ನಿಮಿಷದಲ್ಲಿ ಸರಿ ಮಾಡಿದಾಗಲೇ ಅವನಿಗೆ ಅರ್ಥ ಆಗಿತ್ತಂತೆ. ಗೊತ್ತಿದ್ದೂ ಅವನು ಥ್ಯಾಂಕ್ಯೂ ಹೇಳಿದ್ದ, ಅವನಿಗೂ ಟೀಮಿನಲ್ಲಿ ಉಳಿಯಬೇಕಲ್ಲ. ಟೀ ದುಡ್ಡು ಅವನೇ ಕೊಟ್ಟ, ನಾನು ಕೊಡೋಕೆ ಬಿಡಲಿಲ್ಲ. ಮೊದಲಿನ ಹಾಗೆ ಮಾತಾಡೋಕೆ ಅವನಿಗೆ ಎರಡು ವಾರ ಬೇಕಾಯ್ತು. ಮ್ಯಾನೇಜರಿಗೆ ಇನ್ನೂ ಹೇಳಿಲ್ಲ. ಅವರು ಈ ಅಂಕಣ ಓದಲ್ಲ ಅಂದುಕೊಂಡಿದ್ದೇನೆ.

ಹುಡುಗ ಈಗ ಕನ್ನಡ ಕಲೀತಾ ಇದ್ದಾನೆ. ಅವನಿಗೆ ಮೊದಲು ಸಿಕ್ಕ ಪದ 'ಅಲ್ವಾ', ಅದನ್ನು ಎಲ್ಲ ವಾಕ್ಯಕ್ಕೂ ಅಂಟಿಸ್ತಾನೆ. ರಾಕಿ ಪ್ರಶ್ನೆ ಕೇಳುವಾಗ ಕೊನೆಗೆ 'ಪ್ರಶ್ನೆ' ಅಂತ ಸೇರಿಸ್ತಾನಲ್ಲ, ಹಾಗೇ. ಮೊನ್ನೆ ತಿಂಗಳ ಕೊನೆ ಮತ್ತೆ ಅವನ ಆನ್‌ಕಾಲ್ ಇತ್ತು. ಡಾಕ್ಯುಮೆಂಟ್ ಇತ್ತು, ನನ್ನ ಅಗತ್ಯ ಇರಲಿಲ್ಲ. ಆದರೂ ಮುಂದಿನ ಸಲ ಬರೆಯಬೇಕಾದ ಪುಸ್ತಕ ಹಿಡ್ಕೊಂಡು ಲ್ಯಾಪ್‌ಟಾಪ್ ತೆರೆದಿಟ್ಟು ಕೂತಿದ್ದೆ. ಎರಡೂ ಹತ್ತಕ್ಕೆ ಜಾಬ್ ಹಸಿರು ತೋರಿಸಿತು. ಅದರ ಹಿಂದೆಯೇ ಅವನ ಮೆಸೇಜ್ ಬಂತು: "ಎಲ್ಲಾ ಓಕೆ ಅಲ್ವಾ. ನಾನು ಇದೀನಿ ಅಲ್ವಾ. ನೀವು ಮಲ್ಕೊಳಿ ಭಯ್ಯಾ ಅಲ್ವಾ."